ಮದುವೆಯ ಮೇಜಿನ ಮೇಲೆ ನಮ್ಮ ತೋಟದ ಹಣ್ಣು



ತಪಸ್ಸುಕಾಲ ಮುಗಿದು ಈಸ್ಟರ್ ಕಳೆಯಿತೆಂದರೆ ನಮ್ಮ ಧರ್ಮಕೇಂದ್ರದಲ್ಲಿ ಮದುವೆಗಳ ಸಾಲು ಶುರು. ಮೇ ತಿಂಗಳು ಮುಗಿಯುವ ತನಕ ಸಭಾಂಗಣಕ್ಕೆ ಬಿಡುವಿಲ್ಲ. ಈ ಸಲ ಆ ಸಾಲಿನ ಮೊದಲ ಮದುವೆ ನಮ್ಮ ಘಟಕದ ಅಕ್ಕನದ್ದೇ. ನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದವಳು, ನಮ್ಮಲ್ಲಿ ಅರ್ಧ ಜನರಿಗೆ ಹೆದರದೆ ಮೈಕ್ ಹಿಡಿಯಲು ಕಲಿಸಿದವಳು. ಅವಳ ಮದುವೆಯ ಊಟದ ಮೇಜುಗಳ ಅಲಂಕಾರವನ್ನು ನಾವೇ ಮಾಡಿದೆವು, ಹಣ್ಣು ಮತ್ತು ಹೂ ಸೇರಿಸಿ. "ಚೆಂದ ಆಗಿತ್ತು, ಹೇಗೆ ಮಾಡಿದಿರಿ?" ಎಂದು ಅಂದಿನಿಂದ ಕೇಳುತ್ತಲೇ ಇದ್ದಾರೆ. ಪಕ್ಕದ ಚರ್ಚಿನ ಯುವಕರೂ ಫೋನ್ ಮಾಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ. ಆದರೆ ಆ ಚೆಂದದ ಹಿಂದೆ ಅಷ್ಟೇನೂ ಚೆಂದವಲ್ಲದ ಒಂದು ಬೆಳಗ್ಗೆ ಉಂಟು. ಅದನ್ನು ಬಿಟ್ಟು ಬರೆದರೆ ಅರ್ಧ ಸುಳ್ಳಾಗುತ್ತದೆ.

ಮೊದಲಿನಿಂದ ಹೇಳುತ್ತೇವೆ.

ಅಕ್ಕನ ಅಪ್ಪ ತೀರಿಕೊಂಡು ಆರು ವರ್ಷ. ಅವಳ ಅಮ್ಮನನ್ನು ನಾವೆಲ್ಲ ಆಂಟಿ ಎನ್ನುತ್ತೇವೆ. ಬೀಡಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಮದುವೆಗೆ ಕುಟುಂಬಶ್ರೀಯಿಂದ ಸಾಲ ತೆಗೆದಿದ್ದರು, ಊಟಕ್ಕೆ, ಸೀರೆಗೆ, ಕರಿಮಣಿಗೆ ಅದು ಸರಿಯಾಗಿತ್ತು. ಆಗ ಯಾರೋ, "ಗಂಡಿನ ಕಡೆಯವರು ಮಂಗಳೂರಿನವರು, ಅವರ ಮನೆಯ ಹಿಂದಿನ ಮದುವೆಯಲ್ಲಿ ಮೇಜು ಮೇಜಿಗೂ ಹೂವಿನ ಗುಚ್ಛ ಇತ್ತು" ಎಂದರು. ಆಂಟಿಗೆ ಅದು ತಲೆಗೆ ಹತ್ತಿತು. ಅಲಂಕಾರ ಮಾಡುವವರಲ್ಲಿ ಕೇಳಿದಾಗ ಒಂದು ಮೇಜಿಗೆ 900 ರೂಪಾಯಿ ಎಂದರು. 24 ಮೇಜು, ಅಂದರೆ 21,600 ರೂಪಾಯಿ. ಒಂದು ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ಆಂಟಿ ಇನ್ನೊಂದು ಸಾಲದ ವಿಷಯ ಮಾತಾಡುತ್ತಿದ್ದದ್ದು ನಮ್ಮ ಕಿವಿಗೆ ಬಿತ್ತು. ಮೂರು ಗಂಟೆಯ ಊಟದ ಮೇಜಿನ ಹೂವಿಗೆ ಎರಡು ವರ್ಷದ ಕಂತು!

"ಆಂಟಿ, ಅದನ್ನು ನಮಗೆ ಬಿಡಿ" ಎಂದುಬಿಟ್ಟೆವು. ಹೇಗೆ ಮಾಡುವುದೆಂದು ನಮಗೂ ಆಗ ಗೊತ್ತಿರಲಿಲ್ಲ.

ಹಣ್ಣಿನ ಯೋಚನೆ ಬಂದದ್ದು ಮೊಬೈಲಿನಲ್ಲಿ ಚಿತ್ರ ನೋಡುತ್ತಾ. ಗಾಜಿನ ಪಾತ್ರೆಯಲ್ಲಿ ನಿಂಬೆಯ ಬಿಲ್ಲೆಗಳು, ಅದರ ಮೇಲೆ ಬಿಳಿ ಹೂ. ಅನಾನಸನ್ನು ಕೊರೆದು ಅದರೊಳಗೆ ಹೂ. ದ್ರಾಕ್ಷಿ ಗೊಂಚಲು ಇಳಿಬಿಟ್ಟ ತಟ್ಟೆ. ನೋಡಲು ವಿದೇಶದ್ದು ಅನ್ನಿಸಿತು. ಆದರೆ ಯೋಚಿಸಿದರೆ ನಮ್ಮ ಊರಿಗೆ ಇದು ಹೊಸತೇನೂ ಅಲ್ಲ. ಚಪ್ಪರದ ಬಾಗಿಲಿಗೆ ಗೊನೆ ಸಹಿತ ಬಾಳೆಗಿಡ ನಿಲ್ಲಿಸುವುದು, ಸೀಯಾಳದ ಗೊನೆ ಕಟ್ಟುವುದು, ಅಡಿಕೆಯ ಸಿಂಗಾರ ಇಳಿಬಿಡುವುದು, ತೆಂಗಿನ ತಿರಿಯಿಂದ ತೋರಣ ಮಾಡುವುದು, ಇದೆಲ್ಲ ಹಣ್ಣು, ಕಾಯಿ, ಹೂ ಸೇರಿದ ಅಲಂಕಾರವೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಮಾತಾಡುವ ಕಾಸರಗೋಡಿನವರು ನಾವು. ಭಾಷೆ ಯಾವುದಾದರೂ ಚಪ್ಪರ ಎಲ್ಲರದ್ದೂ ಒಂದೇ ತರಹ. ಚಪ್ಪರದ ಬಾಗಿಲಲ್ಲಿ ಇದ್ದದ್ದನ್ನು ಮೇಜಿನ ಮೇಲೆ ತಂದರೆ ಆಯಿತು ಎಂದುಕೊಂಡೆವು.

ಅಕ್ಕನ ಅಜ್ಜಿಗೆ ಮಾತ್ರ ಇದು ಹಿಡಿಸಲಿಲ್ಲ. ಎಂಬತ್ತು ದಾಟಿದವರು. ಜಗಲಿಯಲ್ಲಿ ಕುಳಿತು ನಮ್ಮ ಯೋಜನೆಯನ್ನೆಲ್ಲ ಕೇಳಿಸಿಕೊಂಡು, "ತಿನ್ನುವ ವಸ್ತುವನ್ನು ಕೊರೆದು ಹೂ ಚುಚ್ಚಿ, ಮತ್ತೆ ಎಂತ ಮಾಡುತ್ತೀರಿ? ತೆಂಗಿನ ಬುಡಕ್ಕೆ ಎಸೆಯುತ್ತೀರಾ?" ಎಂದು ಕೇಳಿದರು.

ನಮ್ಮಲ್ಲಿ ಒಬ್ಬ, "ಅಜ್ಜಿ, ಅದು ಡೆಕೊರೇಷನ್‌ಗೆ" ಎಂದ.

"ಅಕ್ಕಿ ಇಲ್ಲದೆ ಹಲಸಿನ ಬೀಜ ಬೇಯಿಸಿ ತಿಂದ ಮಳೆಗಾಲ ನಾನು ನೋಡಿದ್ದೇನೆ ಮಗಾ. ಮೇಜಿನ ಮೇಲೆ ಇಟ್ಟ ಹಣ್ಣು ಯಾರದ್ದಾದರೂ ಹೊಟ್ಟೆಗೆ ಹೋಗಬೇಕು. ಹಾಗಾದರೆ ಮಾಡಿ. ಇಲ್ಲದಿದ್ದರೆ ನನ್ನ ಮೊಮ್ಮಗಳ ಮದುವೆಗೆ ಕಾಗದದ ಹೂ ಸಾಕು."

ಅದು ಅಜ್ಜಿಯ ಷರತ್ತು. ಒಪ್ಪಿಕೊಂಡೆವು. ನಿಜ ಹೇಳಬೇಕೆಂದರೆ, ಆಗ ಅವರನ್ನು ಸಮಾಧಾನ ಮಾಡಲಷ್ಟೇ ಒಪ್ಪಿದ್ದು.

ಮದುವೆಗೆ ಹತ್ತು ದಿನ ಇರುವಾಗ ಒಂದು ಮೇಜು ಹಾಕಿ ಪರೀಕ್ಷೆ ಮಾಡಿದೆವು. ಆ ಪರೀಕ್ಷೆ ಮಾಡದಿದ್ದರೆ ಇನ್ನೂ ದೊಡ್ಡ ಅನಾಹುತ ಆಗುತ್ತಿತ್ತು. ಅನಾನಸನ್ನು ಕೊರೆದು ಅದರೊಳಗೆ ನೀರು ತುಂಬಿ ಹೂ ಇಟ್ಟೆವು. ಒಂದು ಗಂಟೆಯಲ್ಲಿ ಬುಡದಿಂದ ರಸ ಜಿನುಗಿ ಬಿಳಿ ಬಟ್ಟೆಯ ಮೇಲೆ ಹಳದಿ ವೃತ್ತ. ಎರಡು ಗಂಟೆಯಲ್ಲಿ ಇರುವೆಗಳ ಮೆರವಣಿಗೆ. ಕೊರೆದ ಇಬ್ಬರ ಬೆರಳೂ ಉರಿಯುತ್ತಿತ್ತು. ಅನಾನಸಿನಲ್ಲಿ ಬ್ರೊಮಿಲೇನ್ ಎಂಬ ಕಿಣ್ವ ಇರುತ್ತದೆ, ಅದು ಪ್ರೋಟೀನನ್ನು ಕರಗಿಸುವಂಥದ್ದು. ನಿಂಬೆಯ ಬಿಲ್ಲೆಗಳನ್ನು ಹೂವಿನ ನೀರಿಗೇ ಹಾಕಿದ ಗಾಜಿನಲ್ಲಿ ಮರುದಿನ ನೀರು ಮಬ್ಬಾಗಿ ವಾಸನೆ ಬಂತು. ಹಣ್ಣಿನ ರಸ ನೀರಿಗೆ ಬಿಟ್ಟರೆ ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಅವು ಹೆಚ್ಚಾಗಿ ಹೂವಿನ ತೊಟ್ಟಿನ ಸಣ್ಣ ಕೊಳವೆಗಳನ್ನು ಮುಚ್ಚುತ್ತವೆ, ಹೂವಿಗೆ ನೀರು ಏರುವುದಿಲ್ಲ. ಗೇರು ಹಣ್ಣು ಕೆಂಪು, ಹಳದಿ ಎರಡೂ ಬಣ್ಣದಲ್ಲಿ ಕಣ್ಣಿಗೆ ಹಬ್ಬ. ಆದರೆ ಬೆಳಗ್ಗೆ ಇಟ್ಟದ್ದು ಸಂಜೆಗೆ ಮೆತ್ತಗಾಗಿ, ಅದರ ರಸ ಬಟ್ಟೆಗೆ ತಾಗಿ ಕಲೆ ಉಳಿಯಿತು. ಮರುದಿನ ಕೋಣೆಯೆಲ್ಲ ಫೆನಿಯ ವಾಸನೆ. "ಫಾದರ್ ಬಂದರೆ ಎಂತ ಹೇಳುವುದು ಮಾರಾಯ" ಎಂದು ಕಿಟಕಿ ತೆರೆದಿಟ್ಟೆವು.

ಹೀಗೆ ನಿರ್ಧಾರಕ್ಕೆ ಬಂದೆವು. ಹಣ್ಣು ಕೊರೆಯುವುದಿಲ್ಲ, ಕತ್ತರಿಸುವುದಿಲ್ಲ. ಇಡೀ ಅನಾನಸು, ಅದರ ಹಸಿರು ಜುಟ್ಟು ಸಹಿತ, ತಟ್ಟೆಯ ನಡುವೆ. ಸುತ್ತ ಐದು ನಿಂಬೆ, ಬಾಳೆಹಣ್ಣು, ಮಾವು. ಬದಿಯಲ್ಲಿ ಸಣ್ಣ ಗಾಜಿನ ಲೋಟದಲ್ಲಿ ನೀರು ಹಾಕಿ ಹೂ. ಹಣ್ಣಿಗೂ ಹೂವಿನ ನೀರಿಗೂ ಸಂಬಂಧ ಇಲ್ಲ. ಕೊರೆಯದ ಹಣ್ಣಾದ್ದರಿಂದ ಊಟ ಮುಗಿದ ಮೇಲೆ ಯಾರಿಗಾದರೂ ಕೊಡಬಹುದು, ಅಜ್ಜಿಯ ಷರತ್ತೂ ನಡೆಯುತ್ತದೆ.

ಇಲ್ಲಿಯ ತನಕ ಸರಿಯಾಗಿಯೇ ಹೋಯಿತು. ತಪ್ಪು ಆದದ್ದು ಹೂವಿನ ವಿಷಯದಲ್ಲಿ, ಅದಕ್ಕೆ ಕಾರಣ ನಮ್ಮ ಆಸೆ. ಊರಲ್ಲಿ ಆಂಥೂರಿಯಂ ಇಲ್ಲದ ಮನೆ ಇಲ್ಲ. ಆದರೆ "ಅದು ಎಲ್ಲರ ಅಂಗಳದಲ್ಲಿ ಇರುವ ಹೂ, ಮದುವೆಗೆ ಕಾರ್ನೇಶನ್ ಬೇಕು" ಎಂದು ನಮಗೆ ಅನ್ನಿಸಿತು. ಗಂಡಿನ ಕಡೆಯವರ ಕಣ್ಣಿಗೆ ಬೀಳಬೇಕೆಂಬ ಆಸೆ ಆಂಟಿಗಿಂತ ನಮಗೇ ಹೆಚ್ಚಿತ್ತು. ರೋಸ್ ದಿನ, ಭಾನುವಾರ ಮಧ್ಯಾಹ್ನ, ಇಬ್ಬರು ರೈಲಿನಲ್ಲಿ ಮಂಗಳೂರಿಗೆ ಹೋಗಿ ಇಪ್ಪತ್ತರ ಆರು ಕಟ್ಟು ತಂದರು. 120 ಕಾರ್ನೇಶನ್, ತಿಳಿ ಗುಲಾಬಿ ಬಣ್ಣ. ಮೇಜಿಗೆ ಐದು.

ಸಂಜೆ ಐದು ಗಂಟೆಗೆ ಎಲ್ಲವೂ ಸಭಾಂಗಣದ ವೇದಿಕೆಯ ಬದಿಯ ಸಣ್ಣ ಕೋಣೆಯಲ್ಲಿ ಸೇರಿತು. ಬಕೆಟುಗಳಲ್ಲಿ ಹೂ. ಅದರ ಪಕ್ಕ ನಾಲ್ಕು ಕದಳಿ ಗೊನೆ, ಎರಡು ಬುಟ್ಟಿ ಕಾಟು ಮಾವಿನಹಣ್ಣು, 24 ಅನಾನಸು, ನಿಂಬೆಯ ಚೀಲ. ಗೊನೆಗಳನ್ನು ಅಜ್ಜಿಯೇ ಹೊಗೆ ಹಾಕಿ ಹಣ್ಣು ಮಾಡಿಸಿ ಕೊಟ್ಟಿದ್ದರು, ಬಂಗಾರದ ಬಣ್ಣ. ಬೆಕ್ಕು, ಹೆಗ್ಗಣ ಬಾರದಿರಲಿ ಎಂದು ಕಿಟಕಿ ಮುಚ್ಚಿ, ಬಾಗಿಲಿಗೆ ಬೀಗ ಹಾಕಿ ರೋಸ್ ಮನೆಗೆ ಹೋದೆವು. ಮದುಮಗಳಿಗೆ ತೆಂಗಿನ ಹಾಲು ಹಚ್ಚುವುದು, ವೊವಿಯೊ ಹಾಡುವುದು, ಊಟ, ಬ್ಯಾಂಡು ಎಲ್ಲ ಮುಗಿಯುವಾಗ ರಾತ್ರಿ ಹನ್ನೊಂದು. "ನಾಳೆ ಬೆಳಗ್ಗೆ ಆರಕ್ಕೆ ಬಂದರೆ ಎರಡು ಗಂಟೆಯ ಕೆಲಸ" ಎಂದು ನೆಮ್ಮದಿಯಿಂದ ಮಲಗಿದೆವು.

ಬೆಳಗ್ಗೆ ಆರಕ್ಕೆ ಬಾಗಿಲು ತೆರೆದಾಗ ಮೊದಲು ಬಂದದ್ದು ಹಣ್ಣಿನ ಘಮ. ಆಮೇಲೆ ದೀಪ ಹಾಕಿದೆವು. 120 ಕಾರ್ನೇಶನ್‌ಗಳೂ ಮುದುಡಿದ್ದವು. ಬಾಡಿ ಬಿದ್ದದ್ದಲ್ಲ, ತೊಟ್ಟು ನೆಟ್ಟಗೇ ಇತ್ತು. ಬಕೆಟಿನಲ್ಲಿ ನೀರೂ ಇತ್ತು. ಆದರೆ ದಳಗಳೆಲ್ಲ ಒಳಕ್ಕೆ ಮಡಚಿಕೊಂಡು, ಒದ್ದೆ ಕಾಗದ ಹಿಂಡಿದ ಹಾಗೆ. ಬಲಿಪೂಜೆ ಹತ್ತೂವರೆಗೆ.

ನಮ್ಮಲ್ಲಿ ಮೂವರು ಬಿಎಸ್ಸಿ ಮಾಡಿದವರು. ಇದನ್ನು ಬರೆಯುತ್ತಿರುವ ಕೈಯೂ ಅದರಲ್ಲಿ ಒಂದು. ಒಬ್ಬರ ಮುಖ ಒಬ್ಬರು ನೋಡಿದೆವು. ಎರಡೇ ನಿಮಿಷದಲ್ಲಿ ಮೂವರ ಬಾಯಲ್ಲೂ ಒಂದೇ ಮಾತು: ಎಥಿಲೀನ್. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದ ಉತ್ತರ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇವೆ. ಹಣ್ಣಾಗುವ ಬಾಳೆ, ಮಾವು, ಪಪ್ಪಾಯಿ, ಸೇಬು, ಚಿಕ್ಕು ಇವೆಲ್ಲ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ. ಅದು ಗಿಡಗಳ ಹಾರ್ಮೋನು. ಒಂದು ಹಣ್ಣು ಬಿಟ್ಟ ಎಥಿಲೀನ್ ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ಅಕ್ಕಿಯ ಡಬ್ಬದಲ್ಲಿ ಮಾವು ಇಟ್ಟರೆ ಬೇಗ ಹಣ್ಣಾಗುವುದು ಆ ಅನಿಲ ಹೊರಗೆ ಹೋಗದೆ ಒಳಗೇ ನಿಲ್ಲುವುದರಿಂದ. ಹೊಗೆಯಲ್ಲಿಯೂ ಎಥಿಲೀನ್ ಇರುತ್ತದೆ, ಅದಕ್ಕೇ ಹೊಗೆ ಹಾಕಿದ ಗೊನೆ ಒಟ್ಟಿಗೇ ಹಣ್ಣಾಗುತ್ತದೆ. ಹಣ್ಣಿಗೆ ಅದು ಮಾಗುವ ಸೂಚನೆ, ಹೂವಿಗೆ ಮುದಿಯಾಗುವ ಸೂಚನೆ. ಅದರಲ್ಲಿಯೂ ಕಾರ್ನೇಶನ್ ಬಹಳ ಸೂಕ್ಷ್ಮ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಎಥಿಲೀನ್ ಇದ್ದರೂ ಅದರ ದಳ ಮಡಚಿಕೊಳ್ಳುತ್ತದೆ. ಹೂವಿನ ವ್ಯಾಪಾರದವರು ಇದನ್ನು ಹೂ 'ನಿದ್ದೆ ಹೋಗುವುದು' ಎನ್ನುತ್ತಾರೆ. ಎಬ್ಬಿಸಲು ಆಗದ ನಿದ್ದೆ.

ಈ ವಿಷಯ ಜಗತ್ತಿಗೆ ಗೊತ್ತಾದದ್ದರಲ್ಲಿಯೂ ಕಾರ್ನೇಶನ್‌ಗೆ ಪಾಲಿದೆ. 1901ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೊವ್ ಎಂಬ ವಿಜ್ಞಾನಿ, ಪ್ರಯೋಗಾಲಯದ ಬಟಾಣಿ ಸಸಿಗಳು ವಕ್ರವಾಗಿ ಬೆಳೆಯಲು ದೀಪದ ಅನಿಲದಲ್ಲಿದ್ದ ಎಥಿಲೀನ್ ಕಾರಣ ಎಂದು ತೋರಿಸಿದರು. ಆ ಕಾಲದಲ್ಲಿ ದೀಪ ಉರಿಸಲು ಕೊಳವೆಯಲ್ಲಿ ಅನಿಲ ಬರುತ್ತಿತ್ತು. ಅಮೆರಿಕದ ಶಿಕಾಗೊದಲ್ಲಿ ಆ ಅನಿಲ ಸೋರಿ ಗಾಜಿನಮನೆಗಳ ಕಾರ್ನೇಶನ್ ಹಾಳಾಗುತ್ತಿದ್ದಾಗ ಕ್ರಾಕರ್ ಮತ್ತು ನೈಟ್ ಎಂಬಿಬ್ಬರು ಪರೀಕ್ಷಿಸಿ, 1908ರಲ್ಲಿ ಎಥಿಲೀನ್‌ನ ಕಡೆಗೇ ಬೆರಳು ತೋರಿಸಿದರು. ಹಣ್ಣುಗಳೇ ಈ ಅನಿಲವನ್ನು ಉತ್ಪತ್ತಿ ಮಾಡುತ್ತವೆ ಎಂದು 1934ರಲ್ಲಿ ಇಂಗ್ಲೆಂಡಿನ ಗೇನ್ ಸೇಬಿನಲ್ಲಿ ಸಾಬೀತು ಮಾಡಿದರು. ಅಷ್ಟು ಹಳೆಯ ಪಾಠ. ನಾವು ಅದನ್ನು ಓದಿ, ಪಾಸಾಗಿ, ಸರ್ಟಿಫಿಕೇಟು ತೆಗೆದುಕೊಂಡು, ಹೊಗೆ ಹಾಕಿದ ನಾಲ್ಕು ಗೊನೆಯ ಜೊತೆಗೆ 120 ಕಾರ್ನೇಶನ್‌ಗಳನ್ನು ಒಂದೇ ಕೋಣೆಯಲ್ಲಿ ಇಟ್ಟು ಬೀಗ ಹಾಕಿದ್ದೆವು.

ಆಗ ಆಂಟಿ ಬಂದರು. ಮದುಮಗಳ ಅಮ್ಮ, ಮನೆಯಲ್ಲಿ ನೂರು ಕೆಲಸ. ಆದರೂ ಒಮ್ಮೆ ನೋಡಿ ಹೋಗುತ್ತೇನೆಂದು ಬಂದವರು. ಬಾಗಿಲಲ್ಲಿ ನಿಂತು ಬಕೆಟುಗಳನ್ನು ನೋಡಿದರು. ನಮಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅನಾನಸು ಸರಿ ಉಂಟಲ್ಲ?" ಎಂದು ಕೇಳಿದರು.

"ಅನಾನಸು, ನಿಂಬೆ ಎಲ್ಲ ಸರಿ ಉಂಟು ಆಂಟಿ."

"ಹಾಗಾದರೆ ಬಾಳೆ ಎಲೆ ತನ್ನಿ. ನಾನು ಈಗ ಬಂದೆ."

ಹೋದವರು ಹತ್ತು ನಿಮಿಷದಲ್ಲಿ ಬಂದರು, ಕೈಯಲ್ಲಿ ಬೀಡಿ ಎಲೆ ಕತ್ತರಿಸುವ ಕತ್ತರಿ, ಒಂದು ಉಂಡೆ ಬೀಡಿ ನೂಲು. ತಟ್ಟೆಯನ್ನು ಅಚ್ಚಿನ ಹಾಗೆ ಬಾಳೆ ಎಲೆಯ ಮೇಲಿಟ್ಟು ಸುತ್ತ ಕತ್ತರಿ ಓಡಿಸಿದರು. ನಾವು ಒಂದು ಎಲೆಯನ್ನು ಅಂಕುಡೊಂಕಾಗಿ ಕತ್ತರಿಸುವಷ್ಟರಲ್ಲಿ ಅವರದ್ದು ಆರು ಮುಗಿದಿತ್ತು, ಆರೂ ಒಂದೇ ಅಳತೆ. ಇಪ್ಪತ್ತೈದು ವರ್ಷ ಕತ್ತರಿ ಹಿಡಿದ ಕೈ. 24 ತಟ್ಟೆಗೆ 24 ಎಲೆ ಕತ್ತರಿಸಿಟ್ಟು, ಸೀರೆಯ ಸೆರಗು ಸರಿಮಾಡಿಕೊಂಡು, "ಹೂ ಸಿಕ್ಕಿದರೆ ಇಡಿ, ಸಿಗದಿದ್ದರೆ ಹಣ್ಣೇ ಸಾಕು" ಎಂದು ಹೇಳಿ ಮಗಳಿಗೆ ಸೀರೆ ಉಡಿಸಲು ಹೋದರು.

ಅಷ್ಟರಲ್ಲಿ ನಾವು ಎಲ್ಲ ವಾಳೆಗಳ ಗುಂಪಿಗೆ ವಾಟ್ಸ್ಆ್ಯಪ್ ಸಂದೇಶ ಹಾಕಿದ್ದೆವು: "ಮದುವೆಯ ಮೇಜಿಗೆ ತಂದ ಹೂ ನಮ್ಮ ತಪ್ಪಿನಿಂದ ಹಾಳಾಗಿದೆ. ಅಂಗಳದಲ್ಲಿ ಇದ್ದ ಹೂ ಎಂಟೂವರೆ ಒಳಗೆ ಸಭಾಂಗಣಕ್ಕೆ ತಲುಪಿಸುವಿರಾ?" ನಮ್ಮ ತಪ್ಪು ಎಂದು ಬರೆಯಬೇಕೋ ಬೇಡವೋ ಎಂದು ಎರಡು ನಿಮಿಷ ಚರ್ಚೆ ಆಯಿತು. ಬರೆದೆವು.

ಏಳು ಗಂಟೆಗೆ ಮೊದಲ ಸ್ಕೂಟರ್ ಬಂತು. ಆಂಥೂರಿಯಂ, ಕೆಂಪು ಮತ್ತು ಬಿಳಿ, ದಿನಪತ್ರಿಕೆಯಲ್ಲಿ ಸುತ್ತಿ. ಆಮೇಲೆ ಒಂದರ ಹಿಂದೆ ಒಂದು. ಕೇಪುಳದ ಗೊಂಚಲು, ಜರಿಗಿಡದ ಎಲೆ, ಸೇವಂತಿಗೆ. ಗಲ್ಫಿನಿಂದ ರಜೆಗೆ ಬಂದ ಅಣ್ಣ ಒಬ್ಬರು ಲುಂಗಿಯಲ್ಲೇ ಕಾರು ಓಡಿಸಿಕೊಂಡು ಬಂದು ಜಂಬು ನೇರಳೆಯ ಇಡೀ ಗೆಲ್ಲನ್ನೇ ತಂದರು. ಪಕ್ಕದ ತೋಟದ ಭಟ್ಟರಿಗೆ ಯಾರು ಹೇಳಿದರೋ ತಿಳಿಯದು. ಆಳಿನ ಕೈಯಲ್ಲಿ ಅಡಿಕೆಯ ಹಾಳೆ ಬಿಚ್ಚದ ಎಂಟು ಸಿಂಗಾರ, ಜೊತೆಗೆ ಒಂದು ಗೊನೆ ಹಣ್ಣಡಿಕೆ ಕಳಿಸಿಕೊಟ್ಟರು. ಹಾಳೆ ಬಿಚ್ಚಿದಾಗ ದಂತದ ಬಣ್ಣದ ಸಿಂಗಾರ ಇಳಿಬಿತ್ತು. ಹಣ್ಣಡಿಕೆಯ ಕಿತ್ತಳೆ ಬಣ್ಣ ಅನಾನಸಿನ ಪಕ್ಕ ಎಷ್ಟು ಚೆಂದ ಕಾಣುತ್ತದೆ ಎಂದು ಅಂದೇ ಗೊತ್ತಾದದ್ದು. ಸಿಂಗಾರವನ್ನು ಸಣ್ಣ ಸಣ್ಣ ಎಳೆಯಾಗಿ ಬಿಡಿಸಿ ಬೀಡಿ ನೂಲಿನಲ್ಲಿ ಕಟ್ಟಿ ಪ್ರತಿ ಲೋಟಕ್ಕೂ ಇಟ್ಟೆವು.

ಬಾಳೆಹಣ್ಣು, ಮಾವನ್ನು ಕೋಣೆಯಿಂದ ಹೊರಗೆ ತೆಗೆದು ಗಾಳಿಯಾಡುವ ಜಗಲಿಗೆ ಸಾಗಿಸಿದೆವು, ಅವು ಊಟದ ಜೊತೆ ಬಡಿಸಲು ಹೋದವು. ಮೇಜಿಗೆ ಉಳಿದದ್ದು ಅನಾನಸು, ನಿಂಬೆ, ಜಂಬು ನೇರಳೆ, ಹಣ್ಣಡಿಕೆ. ಅನಾನಸು ಮತ್ತು ನಿಂಬೆ ಕಿತ್ತ ಮೇಲೆ ಬಾಳೆಯ ಹಾಗೆ ಮಾಗುವ ಜಾತಿಯಲ್ಲ. ಅವುಗಳಿಂದ ಬರುವ ಎಥಿಲೀನ್ ಬಹಳ ಕಡಿಮೆ. ಆಂಥೂರಿಯಂ, ಸೇವಂತಿಗೆ ಕೂಡ ಕಾರ್ನೇಶನ್‌ನಷ್ಟು ಸೂಕ್ಷ್ಮ ಅಲ್ಲ. ಅಂದರೆ ಅಂಗಳದಲ್ಲಿ ಇದ್ದದ್ದೇ ಸರಿಯಾದ ಜೋಡಿ, ನಾವು ಮಂಗಳೂರಿನ ತನಕ ಹೋಗಿ ತಪ್ಪು ಜೋಡಿ ತಂದಿದ್ದೆವು. ಒಂಬತ್ತೂವರೆಗೆ ಕೊನೆಯ ತಟ್ಟೆ ಇಟ್ಟೆವು. ಬೆವರು ಒರೆಸಿ ಪೂಜೆಗೆ ಓಡಿದೆವು. ಕೈಯಲ್ಲಿ ಅನಾನಸಿನ ವಾಸನೆ ಇತ್ತು.

ಊಟದ ಹೊತ್ತಿಗೆ ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಸಿಂಗಾರವನ್ನು ಮುಟ್ಟಿ ನೋಡಿ, "ಯಾರಿಗೆ ಕಾಂಟ್ರ್ಯಾಕ್ಟ್ ಕೊಟ್ಟದ್ದು?" ಎಂದು ಕೇಳಿದರು. ಆಂಟಿ ನಮ್ಮ ಕಡೆ ತೋರಿಸಿ, "ಇವರು ನಮ್ಮ ಮಕ್ಕಳು" ಎಂದರು. ಕತ್ತರಿಯ ವಿಷಯ ಅವರು ಹೇಳಲಿಲ್ಲ. ಅದಕ್ಕೇ ನಾವು ಇಲ್ಲಿ ಹೇಳುತ್ತಿದ್ದೇವೆ.

ಇನ್ನು ಅಜ್ಜಿಯ ಷರತ್ತು. ಆರಂಭದಲ್ಲಿ ಅದನ್ನು ಮಾತಿಗೆ ಒಪ್ಪಿದ್ದೆವು ಎಂದೆವಲ್ಲ, ಬೆಳಗ್ಗೆ ಅಷ್ಟು ಮನೆಗಳಿಂದ ಹೂ ಬಂದ ಮೇಲೆ ಅದನ್ನು ಮಾತಿಗಷ್ಟೇ ಬಿಡಲು ಮನಸ್ಸು ಬರಲಿಲ್ಲ. ಗುರಿಕಾರರಲ್ಲಿ ಕೇಳಿ, ಮದುವೆಗೆ ಬರಲಾಗದ ರೋಗಿಗಳ, ಹಾಸಿಗೆ ಹಿಡಿದ ಹಿರಿಯರ ಮನೆಗಳನ್ನು ಪಟ್ಟಿ ಮಾಡಿದೆವು. 19 ಮನೆ. ಸಂಜೆ ಐದು ಬೈಕುಗಳಲ್ಲಿ ಹೊರಟೆವು. ಮನೆಗೆ ಒಂದು ಅನಾನಸು, ನಾಲ್ಕು ನಿಂಬೆ, ಒಂದು ಹೂವಿನ ಗೊಂಚಲು, ಮತ್ತು ಮದುವೆಯ ಊಟದ ಒಂದು ಪೊಟ್ಟಣ. ಉಳಿದ ಐದು ಅನಾನಸನ್ನು ಅಡುಗೆಯವರಿಗೂ ಸಭಾಂಗಣ ತೊಳೆದವರಿಗೂ ಕೊಟ್ಟೆವು.

ಒಂದು ಮನೆಯಲ್ಲಿ ಪಾರ್ಶ್ವವಾಯು ಆಗಿ ಮೂರು ವರ್ಷದಿಂದ ಮಲಗಿರುವ ಅಂಕಲ್ ಒಬ್ಬರಿದ್ದಾರೆ. ಒಂದು ಕಾಲದಲ್ಲಿ ಊರಿನ ಪ್ರತಿ ಮದುವೆಗೂ ಚಪ್ಪರ ಹಾಕುತ್ತಿದ್ದವರು. ಮಾತು ಸ್ಪಷ್ಟವಿಲ್ಲ. ಅನಾನಸನ್ನು ಮೂಗಿನ ಹತ್ತಿರ ಹಿಡಿದಾಗ ಕಣ್ಣು ಅರಳಿತು. ಸಿಂಗಾರದ ಎಳೆಯನ್ನು ಬಲಗೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ. ಅವರ ಹೆಂಡತಿ, "ಮೊದಲು ಸಿಂಗಾರ ತರಲು ಇವರೇ ಮರ ಹತ್ತುತ್ತಿದ್ದದ್ದು" ಎಂದರು. ಯುವ ಘಟಕದಿಂದ ವರ್ಷಕ್ಕೆ ಒಮ್ಮೆ ಕ್ರಿಸ್ಮಸ್ ಸಮಯದಲ್ಲಿ ಆ ಮನೆಗೆ ಹೋಗಿ ಹಾಡು ಹಾಡಿ ಬರುತ್ತಿದ್ದೆವು. ಅವರು ಚಪ್ಪರ ಹಾಕುತ್ತಿದ್ದವರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ರಾತ್ರಿ ಅಜ್ಜಿಗೆ ಲೆಕ್ಕ ಒಪ್ಪಿಸಿದೆವು. ಕಾರ್ನೇಶನ್ ಏಕೆ ಮಲಗಿತು ಎಂಬುದನ್ನೂ ವಿವರಿಸಿದೆವು. ಎಥಿಲೀನ್ ಎಂಬ ಹೆಸರನ್ನು ಬದಿಗಿಟ್ಟು ಅವರು ವಿಷಯ ಹಿಡಿದರು: "ಅಂದರೆ ನಿಮ್ಮ ಹೂವಿಗೂ ನೀವು ಹೊಗೆ ಹಾಕಿದಿರಿ. ಕೋಣೆ ಮುಚ್ಚಿದರೆ ಗೊನೆ ಹಣ್ಣಾಗುತ್ತದೆ ಎಂದು ನನ್ನಲ್ಲಿ ಕೇಳಿದ್ದರೆ ಹೇಳುತ್ತಿದ್ದೆ." ನಿಜ. ಅವರ ಹೊಗೆಗುಂಡಿಯೂ ನಮ್ಮ ಪಠ್ಯಪುಸ್ತಕವೂ ಹೇಳಿದ್ದು ಒಂದೇ ವಿಷಯ. ನಾವು ಎರಡನ್ನೂ ಕೇಳಲಿಲ್ಲ.

ಖರ್ಚಿನ ಲೆಕ್ಕ ಹಲವರು ಕೇಳಿದ್ದಾರೆ. ಅನಾನಸು 24, ರೈತರಿಂದಲೇ ತಲಾ 40ರಂತೆ 960 ರೂಪಾಯಿ. ನಿಂಬೆ 120ಕ್ಕೆ 600. ಕಾರ್ನೇಶನ್ 1,680. ರೈಲು, ರಿಕ್ಷಾ 240. ಒಟ್ಟು 3,480 ರೂಪಾಯಿ, ಘಟಕದ ಉಡುಗೊರೆ ಅದೇ. ಕಾರ್ನೇಶನ್ ತರದಿದ್ದರೆ 1,560ರ ಒಳಗೆ ಮುಗಿಯುತ್ತಿತ್ತು. ಆಂಟಿ ಎರಡನೆಯ ಸಾಲ ತೆಗೆಯಲಿಲ್ಲ.

ಇನ್ನು, ಮಾಡಬೇಕೆಂದಿರುವ ಘಟಕಗಳಿಗೆ ನಾವು ಕಲಿತ ಪಾಠ:

1. ಹಣ್ಣು ಮತ್ತು ಹೂವನ್ನು ಬೇರೆ ಬೇರೆ ಕೋಣೆಯಲ್ಲಿ ಇಡಿ. ಮೇಜಿನ ಮೇಲೆ ಸೇರಿಸುವುದು ಮದುವೆಯ ಬೆಳಗ್ಗೆಯೇ. ಕಿಟಕಿ ತೆರೆದಿರಲಿ, ಬೇಕಾದರೆ ಬಲೆ ಕಟ್ಟಿ.

2. ಮೇಜಿಗೆ ಅನಾನಸು, ನಿಂಬೆ, ಕಿತ್ತಳೆ, ದ್ರಾಕ್ಷಿ ಒಳ್ಳೆಯದು. ಮಾಗಿದ ಬಾಳೆ, ಮಾವು, ಪಪ್ಪಾಯಿ, ಸೇಬು, ಪೇರಳೆ ಹೂವಿನಿಂದ ದೂರ ಇರಲಿ. ಕಾರ್ನೇಶನ್, ಆರ್ಕಿಡ್ ಇದ್ದರಂತೂ ಇನ್ನೂ ದೂರ.

3. ಇಡೀ ಹಣ್ಣು ಇಡಿ. ನಿಂಬೆಯ ಬಿಲ್ಲೆ ಬೇಕೇ ಬೇಕೆಂದರೆ ದೊಡ್ಡ ಗಾಜಿನೊಳಗೆ ಸಣ್ಣ ಗಾಜು ಇಟ್ಟು, ಹೂ ಮತ್ತು ನೀರು ಒಳಗಿನದ್ದರಲ್ಲಿ, ಬಿಲ್ಲೆ ಎರಡರ ನಡುವೆ. ಬಿಲ್ಲೆ ಕತ್ತರಿಸುವುದು ಅಂದೇ ಬೆಳಗ್ಗೆ.

4. ಗೇರು ಹಣ್ಣು ಬೆಳಗ್ಗೆ ಕಿತ್ತು ಮಧ್ಯಾಹ್ನದ ಊಟಕ್ಕೆ ಮಾತ್ರ, ಬಾಳೆ ಎಲೆಯ ಮೇಲೆ. ಬಟ್ಟೆಗೆ ತಾಗಬಾರದು.

5. ಬಾವಲಿ, ಹಕ್ಕಿ ಕಚ್ಚಿದ ಹಣ್ಣು ಒಂದೂ ಬೇಡ. 2018ರಲ್ಲಿ ಕೋಝಿಕ್ಕೋಡ್, ಮಲಪ್ಪುರಂ ಕಡೆ ನಿಫಾ ಬಂದದ್ದನ್ನು ನಾವು ಕೇರಳದವರು ಮರೆಯುವ ಹಾಗಿಲ್ಲ. ನೆಲಕ್ಕೆ ಬಿದ್ದದ್ದೂ ಬೇಡ.

6. ಕಣಗಿಲೆ ಹೂ ಎಷ್ಟು ಚೆಂದ ಇದ್ದರೂ ತಿನ್ನುವ ಹಣ್ಣಿನ ಹತ್ತಿರ ಬೇಡ, ಅದರ ಎಲೆ, ಹೂ, ಕಡ್ಡಿ ಎಲ್ಲ ವಿಷ. 2024ರಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಕ್ಕೆ ಅದನ್ನು ಬಳಸುವುದನ್ನು ನಿಲ್ಲಿಸಿತು. ಆಂಥೂರಿಯಂನ ರಸವೂ ಬಾಯಿಗೆ ತುರಿಕೆ ತರುತ್ತದೆ, ಹಾಗಾಗಿ ಹೂ ಲೋಟದಲ್ಲೇ ಇರಲಿ, ಹಣ್ಣು ಎಲೆಯ ಮೇಲೆ. ಕೊಡುವ ಮೊದಲು ಹಣ್ಣು ತೊಳೆಯಿರಿ.

7. ಎತ್ತರ ನೋಡಿಕೊಳ್ಳಿ. ಕುಳಿತವರಿಗೆ ಎದುರಿನವರ ಮುಖ ಕಾಣಬೇಕು. ನಮ್ಮ ಅನಾನಸಿನ ಜುಟ್ಟು ಕೆಲವು ಮೇಜಿನಲ್ಲಿ ಅಡ್ಡ ಬಂದಿತ್ತು, ಸಣ್ಣ ಹಣ್ಣು ಆರಿಸಬೇಕಿತ್ತು.

8. ಹಣ್ಣು ಯಾರಿಗೆ ಹೋಗಬೇಕೆಂಬ ಪಟ್ಟಿಯನ್ನು ಮೊದಲೇ ಮಾಡಿ. ಮದುವೆಯ ಸಂಜೆ ಎಲ್ಲರಿಗೂ ಸುಸ್ತು. ಪಟ್ಟಿ ಇಲ್ಲದಿದ್ದರೆ ತೆಂಗಿನ ಬುಡವೇ ಗತಿ.

ಮೇ ತಿಂಗಳಲ್ಲಿ ಇನ್ನೂ ಎರಡು ಮದುವೆಗೆ ನಮ್ಮನ್ನು ಕರೆದಿದ್ದಾರೆ. ಒಂದಕ್ಕೆ ಪುನರ್ಪುಳಿ ಹಣ್ಣಿನ ಕೆಂಪು ಇಟ್ಟು ನೋಡೋಣ ಎಂಬ ಯೋಚನೆ ಇದೆ. ಅದು ಹೇಗೆ ನಿಲ್ಲುತ್ತದೆ ಎಂದು ಈ ಸಲ ಮೊದಲು ಅಜ್ಜಿಯಲ್ಲಿ ಕೇಳುತ್ತೇವೆ. ಚಪ್ಪರದ ಅಂಕಲ್ ಅವರ ಮನೆಗೂ ಹೋಗಿ ಬಂದೆವು. ತಿರಿಯ ತೋರಣ ಕಟ್ಟುವುದನ್ನು ಅವರ ಹೆಂಡತಿ ಕಲಿಸಿಕೊಡುತ್ತೇನೆ ಎಂದಿದ್ದಾರೆ, ಅಂಕಲ್ ಹಾಸಿಗೆಯಿಂದಲೇ ನೋಡಿ ತಪ್ಪಿದ್ದರೆ ತಲೆ ಅಲ್ಲಾಡಿಸುತ್ತಾರಂತೆ. ಬರುವ ಭಾನುವಾರ ಎರಡನೇ ಪೂಜೆಯ ನಂತರ ಹೋಗುತ್ತಿದ್ದೇವೆ. ಬರುವವರು ಒಂದೊಂದು ಕತ್ತರಿ ತನ್ನಿ.